ಊದ್ ವಾದಕ ಹ್ರಾಂತ್: ಕೇಳಿ ಕಲಿತು, ಕೇಳಿಸಿ ಕಲಿಸಿದವರು

ಊದ್ ಎಂಬುದು ಊದುವ ವಾದ್ಯವಲ್ಲ, ಮೀಟುವ ವಾದ್ಯ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅಭ್ಯಾಸ ಬೋಧನೆಯಲ್ಲಿ ಎಂಟನೆಯ ತರಗತಿಗೆ ‘ಶಬ್ದ’ದ ಪಾಠ ಮಾಡುವಾಗ ನಾನು ಈ ಹೆಸರು ಹೇಳಿದ ಕೂಡಲೇ ಹಿಂದಿನ ಬೆಂಚಿನಲ್ಲಿ ಶಂಖ ಊದುವ ಅಭಿನಯ ಶುರುವಾಗಿತ್ತು. ಅರಬ್ಬೀ ಭಾಷೆಯಲ್ಲಿ ಆ ಪದಕ್ಕೆ ಮರ, ಕಟ್ಟಿಗೆ ಎಂಬ ಅರ್ಥವಿದೆ. ಉದ್ದಕ್ಕೆ ಸೀಳಿದ ದೊಡ್ಡ ಪೇರಳೆ ಹಣ್ಣಿನ ಆಕಾರದ ಹೊಟ್ಟೆ, ಗಿಡ್ಡ ದಂಡಿ, ಹಿಂದಕ್ಕೆ ಮುರಿದಂತೆ ಬಾಗಿದ ಬಿರಡೆ ಪೆಟ್ಟಿಗೆ. ಸಾಮಾನ್ಯವಾಗಿ 11 ತಂತಿಗಳಿರುತ್ತವೆ. ಅವುಗಳಲ್ಲಿ 10 ತಂತಿ ಎರಡೆರಡರ ಜೋಡಿಯಾಗಿ ಐದು ಜೋಡಿ, ಉಳಿದ ಒಂದು ಮಂದ್ರಕ್ಕೆ ಒಂಟಿಯಾಗಿ. ಮೀಟುವುದಕ್ಕೆ ಉದ್ದನೆಯ ತೆಳು ಪಟ್ಟಿ, ಅದಕ್ಕೆ ಟರ್ಕಿಯವರು ಮಿಜ್ರಾಪ್ ಎನ್ನುತ್ತಾರೆ. ನಮ್ಮಲ್ಲಿ ಸಿತಾರ್ ನುಡಿಸುವವರು ಬೆರಳಿಗೆ ಹಾಕಿಕೊಳ್ಳುವ ಮಿಜರಾಬ್‌ನ ಹೆಸರೂ ಇದೇ. ಮುಖ್ಯವಾದ ಸಂಗತಿ ಎಂದರೆ ವೀಣೆಗಿರುವಂತೆ ಊದ್‌ನ ದಂಡಿಯ ಮೇಲೆ ಮೆಟ್ಟಿಲುಗಳಿಲ್ಲ. ಬೆರಳು ಎಲ್ಲಿ ಇಡಬೇಕು ಎಂಬುದನ್ನು ಕಿವಿಯೇ ಹೇಳಬೇಕು.

ಈ ವಾದ್ಯವನ್ನು 20ನೆಯ ಶತಮಾನದಲ್ಲಿ ನುಡಿಸಿದವರಲ್ಲಿ ಬಹು ದೊಡ್ಡ ಹೆಸರು ಉದಿ ಹ್ರಾಂತ್ ಅವರದು. ‘ಉದಿ’ ಮನೆತನದ ಹೆಸರಲ್ಲ. ವೀಣೆ ಶೇಷಣ್ಣ, ಪಿಟೀಲು ಚೌಡಯ್ಯ ಎಂದು ನಾವು ಹೇಳುವ ಹಾಗೆ ಊದ್ ನುಡಿಸುವವರು ಉದಿ, ಪಿಟೀಲು ನುಡಿಸುವವರು ಕೆಮಾನಿ, ಕಾನೂನ್ ಎಂಬ ತಂತಿವಾದ್ಯ ನುಡಿಸುವವರು ಕಾನೂನಿ. ಪೂರ್ತಿ ಹೆಸರು ಹ್ರಾಂತ್ ಕೆಂಕುಲಿಯಾನ್. ಜನಾಂಗದಿಂದ ಅರ್ಮೇನಿಯನ್, ಬದುಕಿದ್ದು ಟರ್ಕಿಯಲ್ಲಿ, ಶಿಷ್ಯರು ಹಬ್ಬಿದ್ದು ಅಮೆರಿಕದವರೆಗೆ. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ನಾನು ಭೌತಶಾಸ್ತ್ರ ಓದಿದವನು, ಸಂಗೀತ ಬಲ್ಲವನಲ್ಲ. ಆದರೂ ಅವರ ಬದುಕನ್ನು ನಮ್ಮ ಪತ್ರಿಕೆಗೆ ಬರೆಯಬೇಕೆನಿಸಿದ್ದು ಅವರು ಕಲಿತ ಬಗೆ ಮತ್ತು ಕಲಿಸಿದ ಬಗೆಗಾಗಿ. ಸಮನ್ವಯ ಶಿಕ್ಷಣದ ಪತ್ರಿಕೆಯಲ್ಲಿ ನಾವು ಓದುವ ಹಲವು ವಿಷಯಗಳು ಇಲ್ಲಿ ಒಬ್ಬ ಮನುಷ್ಯನ ಬೆರಳುಗಳಲ್ಲಿ ಕಾಣಿಸುತ್ತವೆ.

ಹ್ರಾಂತ್ ಹುಟ್ಟಿದ್ದು 1901ರಲ್ಲಿ, ಇಸ್ತಾಂಬುಲ್‌ನ ಪೂರ್ವಕ್ಕಿರುವ ಅಡಪಜಾರಿ ಪಟ್ಟಣದಲ್ಲಿ. ಆಗ ಅದು ಆಟೊಮನ್ ಸಾಮ್ರಾಜ್ಯ. ಮಗುವಿಗೆ ದೃಷ್ಟಿ ಇಲ್ಲವೆಂಬುದು ಹುಟ್ಟಿದ ಕೆಲವೇ ದಿನಗಳಲ್ಲಿ ಮನೆಯವರಿಗೆ ತಿಳಿಯಿತು. ಅಡಪಜಾರಿಯಲ್ಲಿ ಅರ್ಮೇನಿಯನ್ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿದ್ದವು. ಸಾಮ್ರಾಜ್ಯದ ಸಂಗೀತದಲ್ಲಿ ಅರ್ಮೇನಿಯನ್ನರ ಪಾಲು ಆಗ ಸಣ್ಣದಾಗಿರಲಿಲ್ಲ. ಆಸ್ಥಾನದ ಸಂಗೀತವನ್ನು ಬರೆದಿಡಲು ಬಹುಕಾಲ ಬಳಕೆಯಾದ ಒಂದು ಸ್ವರಲಿಪಿಯನ್ನು ರೂಪಿಸಿದವರು ಹಂಪಾರ್ಟ್ಸುಮ್ ಲಿಮೋಂಜಿಯಾನ್ ಎಂಬ ಅರ್ಮೇನಿಯನ್. ಅವರ ಕಾಲ 1768ರಿಂದ 1839. ಹ್ರಾಂತ್ ಬಾಲಕರಾಗಿದ್ದಾಗ ಇಸ್ತಾಂಬುಲ್‌ನಲ್ಲಿ ಹೆಸರು ಮಾಡಿದ್ದ ಕೆಮಾನಿ ತಾತ್ಯೋಸ್ ಕೂಡ ಅರ್ಮೇನಿಯನ್ನರೇ. ತುರ್ಕರು, ಗ್ರೀಕರು, ಅರ್ಮೇನಿಯನ್ನರು, ಯಹೂದಿಗಳು ಒಂದೇ ವೇದಿಕೆಯಲ್ಲಿ ಕುಳಿತು ಒಂದೇ ಸಂಗೀತ ನುಡಿಸುತ್ತಿದ್ದ ಕಾಲವದು.

1915ರಲ್ಲಿ ಆ ಕಾಲ ಮುಗಿಯಿತು. ಏಪ್ರಿಲ್ 24ರಂದು ಇಸ್ತಾಂಬುಲ್‌ನ ಅರ್ಮೇನಿಯನ್ ಬರಹಗಾರರು, ಶಿಕ್ಷಕರು, ಮುಖಂಡರನ್ನು ಬಂಧಿಸಲಾಯಿತು. ಬಂಧಿತರಲ್ಲಿ ಹಳ್ಳಿಹಳ್ಳಿಯ ಅರ್ಮೇನಿಯನ್ ಹಾಡುಗಳನ್ನು ಸಂಗ್ರಹಿಸಿದ್ದ ಸಂಗೀತಜ್ಞ ಕೊಮಿತಾಸ್ ಅವರೂ ಇದ್ದರು. ಅವರು ಜೀವಂತ ಮರಳಿದರೂ ಮನಸ್ಸು ಮರಳಲಿಲ್ಲ. 1935ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡರು. ಆ ಬೇಸಿಗೆಯಿಂದ ಊರೂರುಗಳ ಅರ್ಮೇನಿಯನ್ನರನ್ನು ಮನೆಯಿಂದ ಎಬ್ಬಿಸಿ ಸಿರಿಯಾದ ಮರುಭೂಮಿಯ ಕಡೆಗೆ ಅಟ್ಟಲಾಯಿತು. ಲಕ್ಷಾಂತರ ಜನ ಕೊಲೆಯಿಂದ, ಹಸಿವಿನಿಂದ, ದಾರಿಯಲ್ಲೇ ಸತ್ತರು. ಪಶ್ಚಿಮದ ಊರುಗಳಿಂದ ಹೊರಟವರು ರೈಲು ಹಾದಿಯ ಉದ್ದಕ್ಕೂ ಎಸ್ಕಿಶೆಹಿರ್, ಕೊನ್ಯಾ ಮಾರ್ಗವಾಗಿ ಸಾಗಬೇಕಿತ್ತು. ಕೊನ್ಯಾದ ಗವರ್ನರ್ ಜೆಲಾಲ್ ಬೇ ಎಂಬವರು, ತಾವು ಅಧಿಕಾರದಲ್ಲಿದ್ದಷ್ಟು ಕಾಲ, ಅಲ್ಲಿಗೆ ಬಂದು ಸೇರಿದವರನ್ನು ಮುಂದಕ್ಕೆ ಕಳಿಸದೆ ಉಳಿಸಿಕೊಳ್ಳಲು ಪ್ರಯತ್ನಪಟ್ಟರು. ಆಮೇಲೆ ಅವರನ್ನೇ ಹುದ್ದೆಯಿಂದ ತೆಗೆಯಲಾಯಿತು. ಹ್ರಾಂತ್ ಅವರ ಕುಟುಂಬವೂ ಊರು ಬಿಟ್ಟು ತಲುಪಿದ್ದು ಕೊನ್ಯಾಕ್ಕೇ. ಹುಡುಗನಿಗೆ ಆಗ ಹದಿನಾಲ್ಕು ವರ್ಷ. ಅಂಥ ಪ್ರಯಾಣವನ್ನು ಕಣ್ಣಿಲ್ಲದ ಹುಡುಗ ಕೇವಲ ಸದ್ದುಗಳಾಗಿ ನೆನಪಿಟ್ಟುಕೊಂಡಿರಬೇಕು. ಇದಕ್ಕಿಂತ ಹೆಚ್ಚು ಅದರ ಬಗ್ಗೆ ಬರೆಯಲು ನನಗೆ ಧೈರ್ಯ ಸಾಲುವುದಿಲ್ಲ.

ಊದ್ ಅವರ ಕೈಗೆ ಬಂದದ್ದು ಆ ಕೊನ್ಯಾದಲ್ಲಿ. ಊರಿಲ್ಲ, ನೆಲೆಯಿಲ್ಲ, ನಾಳೆ ಏನೆಂದು ಗೊತ್ತಿಲ್ಲ. ಅಂಥ ಹೊತ್ತಿನಲ್ಲಿ ಒಬ್ಬ ಹುಡುಗನನ್ನು ಪಾಠಕ್ಕೆ ಕೂರಿಸಬೇಕೆಂದು ಯಾರಿಗೋ ತೋಚಿತಲ್ಲ, ಅದು ನನಗೆ ದೊಡ್ಡದಾಗಿ ಕಾಣುತ್ತದೆ.

ಇಲ್ಲಿ ಅವರ ಪಾಠಕ್ರಮದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಬೋಧನಾಶಾಸ್ತ್ರದ ವಿದ್ಯಾರ್ಥಿಗಳಾದ ನಮಗೆ ಬೇಕಾದದ್ದು ಅದೇ. ಆಟೊಮನ್ ಸಂಗೀತದಲ್ಲಿ ಕಲಿಸುವ ಕ್ರಮಕ್ಕೆ ಮೆಶ್ಕ್ ಎಂದು ಹೆಸರು. ಈ ಪದ ಮೊದಲು ಸುಂದರ ಬರವಣಿಗೆಯ ಕಲೆಯಿಂದ ಬಂದದ್ದು: ಗುರು ಬರೆದ ಅಕ್ಷರದ ಮೇಲ್ಪಂಕ್ತಿಯನ್ನು ಶಿಷ್ಯ ಮತ್ತೆ ಮತ್ತೆ ತಿದ್ದುವುದು. ನಾವು ಮರಳಿನ ಮೇಲೆ, ಪಾಟಿಯ ಮೇಲೆ ಅಕ್ಷರ ತಿದ್ದಿದ ಹಾಗೆಯೇ. ಸಂಗೀತದಲ್ಲಿ ಅಕ್ಷರದ ಬದಲು ದನಿ. ಗುರು ಒಂದು ಸಾಲು ಹಾಡುತ್ತಾರೆ. ಶಿಷ್ಯ ಕೈಗಳಿಂದ ಮಂಡಿಯ ಮೇಲೆ ತಾಳ ಹಾಕುತ್ತ ಹಾಗೆಯೇ ಹಾಡುತ್ತಾನೆ. ಸರಿಯಾಗುವವರೆಗೆ ಮುಂದಿನ ಸಾಲು ಇಲ್ಲ. ಪುಸ್ತಕವಿಲ್ಲ, ಹಲಗೆಯಿಲ್ಲ. ಹಂಪಾರ್ಟ್ಸುಮ್ ಲಿಪಿ ಇದ್ದರೂ ಅದು ಮರೆತುಹೋಗದಂತೆ ದಾಖಲಿಸಿಡಲು. ಕಲಿಸುವುದು ಬಾಯಿಂದ ಕಿವಿಗೆ, ಕೈಯಿಂದ ಕೈಗೆ. ಗುರುವಿನ ಎದುರು ಕುಳಿತ ಹತ್ತು ಮಂದಿಯಲ್ಲಿ ಒಬ್ಬನಿಗೆ ಕಣ್ಣಿಲ್ಲದಿದ್ದರೆ ಆ ಪಾಠದಲ್ಲಿ ಅವನಿಗೆ ಕಡಿಮೆಯಾಗುವುದು ಏನೂ ಇಲ್ಲ. ವಿಶೇಷ ಅಗತ್ಯವುಳ್ಳ ಮಗುವಿಗೆ ಪಾಠವನ್ನು ಹೇಗೆ ಮಾರ್ಪಡಿಸಬೇಕು ಎಂದು ನಾವು ಪಾಠಯೋಜನೆಯಲ್ಲಿ ಒಂದು ಅಂಕಣ ತುಂಬುತ್ತೇವೆ. ಮೆಶ್ಕ್‌ನಲ್ಲಿ ಆ ಅಂಕಣವೇ ಬೇಕಿರಲಿಲ್ಲ. ಪಾಠ ಇದ್ದದ್ದೇ ಹಾಗೆ.

ಯುದ್ಧ ಮುಗಿದ 1918ರಲ್ಲಿ ಕುಟುಂಬ ಅಡಪಜಾರಿಗೆ ಹಿಂತಿರುಗಿತು. ಮುಂದೆ ಇಸ್ತಾಂಬುಲ್ ಸೇರಿತು. ಅಲ್ಲಿ ಹ್ರಾಂತ್ ಅರ್ಮೇನಿಯನ್ ಸಮುದಾಯದ ಗುರುಗಳ ಬಳಿ ಕಲಿತರು: ಕೆಮಾನಿ ಅಗೋಪೋಸ್ ಐವಜ್ಯಾನ್, ದಿಕ್ರಾನ್ ಕತ್ಸಾಖಿಯಾನ್, ಉದಿ ಕ್ರಿಕೋರ್ ಬರ್ಬೇರಿಯಾನ್. ಇವರಲ್ಲಿ ಮೊದಲನೆಯವರು ಹೆಸರೇ ಹೇಳುವಂತೆ ಪಿಟೀಲಿನವರು. ಊದ್ ಕಲಿಯುವವನು ಪಿಟೀಲಿನವರ ಬಳಿ ಕಲಿಯುವುದೇಕೆ ಎಂದರೆ ಅಲ್ಲಿ ಕಲಿಯಬೇಕಾದದ್ದು ವಾದ್ಯವನ್ನಷ್ಟೇ ಅಲ್ಲ, ಮಕಾಮ್‌ಗಳನ್ನು. ಮಕಾಮ್ ಎಂದರೆ ನಮ್ಮ ರಾಗಕ್ಕೆ ಹತ್ತಿರದ ಕಲ್ಪನೆ. ಸ್ವರಗಳ ಪಟ್ಟಿ ಮಾತ್ರವಲ್ಲ, ಎಲ್ಲಿಂದ ಹೊರಡಬೇಕು, ಯಾವ ಸ್ವರದ ಮೇಲೆ ನಿಲ್ಲಬೇಕು, ಹೇಗೆ ಮನೆಗೆ ಬರಬೇಕು ಎಂಬ ನಡೆಯೂ ಅದರಲ್ಲಿ ಸೇರಿದೆ. ತಾಳವಿಲ್ಲದೆ ಒಂದು ಮಕಾಮ್ ಅನ್ನು ಆಗಿಂದಾಗಲೇ ಬೆಳೆಸುವುದಕ್ಕೆ ತಕ್ಸಿಮ್ ಎನ್ನುತ್ತಾರೆ. ನಮ್ಮ ಆಲಾಪನೆಯನ್ನು ನೆನೆದರೆ ಸಾಕು. ಹ್ರಾಂತ್ ಅವರ ನಿಜವಾದ ಹಿರಿಮೆ ಇದ್ದದ್ದು ತಕ್ಸಿಮ್‌ನಲ್ಲಿ.

ಹಿಜಾಜ್ ಎಂಬ ಮಕಾಮ್‌ನ ಕೆಳಗಿನ ನಾಲ್ಕು ಸ್ವರಗಳು ಸಂಗೀತದ ಮೊದಲ ಪಾಠದ ಮಾಯಾಮಾಳವಗೌಳದ ಸರಿಗಮಕ್ಕೆ ಹತ್ತಿರವಾಗಿ ಕೇಳಿಸುತ್ತವೆ. ಆದರೆ ಉಶ್ಶಾಕ್ ಎಂಬ ಮಕಾಮ್ ಕೇಳಿದರೆ ಅದರ ಎರಡನೆಯ ಸ್ವರ ಹಾರ್ಮೋನಿಯಂನ ಕಪ್ಪು ಮನೆಗೂ ಬಿಳಿ ಮನೆಗೂ ನಡುವೆ ಎಲ್ಲೋ ಇರುತ್ತದೆ. ಟರ್ಕಿಯ ಸಂಗೀತಶಾಸ್ತ್ರ ಒಂದು ಪೂರ್ಣ ಸ್ವರಾಂತರವನ್ನು 9 ಸಣ್ಣ ಭಾಗಗಳಾಗಿ, ಇಡೀ ಸಪ್ತಕವನ್ನು 53 ಭಾಗಗಳಾಗಿ ಎಣಿಸುತ್ತದೆ. ಒಂದು ಭಾಗಕ್ಕೆ ಕೋಮಾ ಎಂದು ಹೆಸರು. ಇದು ನನಗೆ ಲೆಕ್ಕ ಮಾಡಿ ನೋಡಬೇಕೆನಿಸಿದ ಜಾಗ. ಸಪ್ತಕ ಮುಗಿದಾಗ ಆವೃತ್ತಿ ಎರಡರಷ್ಟಾಗುತ್ತದೆ. ಹಾಗಾದರೆ ಒಂದು ಕೋಮಾ ಏರಲು ಆವೃತ್ತಿಯನ್ನು 2ರ 53ನೆಯ ಮೂಲದಿಂದ, ಅಂದರೆ ಸುಮಾರು 1.013ರಿಂದ ಗುಣಿಸಬೇಕು. ಬಿಗಿತ ಬದಲಾಗದಿದ್ದರೆ ಆವೃತ್ತಿ ತಂತಿಯ ಉದ್ದಕ್ಕೆ ವಿಲೋಮಾನುಪಾತದಲ್ಲಿರುತ್ತದೆ. ಟರ್ಕಿಯ ಊದ್‌ನಲ್ಲಿ ಕಂಪಿಸುವ ತಂತಿಯ ಉದ್ದ ಸಾಮಾನ್ಯವಾಗಿ 58.5 ಸೆಂ.ಮೀ. ಲೆಕ್ಕ ಹಾಕಿದರೆ ಬಿರಡೆಯ ತುದಿಯಲ್ಲಿ ಒಂದು ಕೋಮಾ ಎಂದರೆ ಬೆರಳು ಸರಿಯಬೇಕಾದದ್ದು ಸುಮಾರು 7.6 ಮಿ.ಮೀ. ತಂತಿಯ ನಡುವಿಗೆ ಬಂದರೆ ಅದರ ಅರ್ಧ, 3.8 ಮಿ.ಮೀ. ಬೆರಳ ತುದಿಯ ಅಗಲಕ್ಕಿಂತ ಕಡಿಮೆ. ಅದೂ ಸಾಲದೆಂಬಂತೆ ಉಶ್ಶಾಕ್‌ನ ಆ ಸ್ವರ ಇಳಿಯುವಾಗ ಇನ್ನೂ ತುಸು ತಗ್ಗುತ್ತದೆ. ಮೆಟ್ಟಿಲಿಲ್ಲದ ದಂಡಿಯ ಮೇಲೆ ಈ ಅಂತರವನ್ನು ಕಣ್ಣಿನಿಂದ ಅಳೆದು ನುಡಿಸಲು ಯಾರಿಗೂ ಸಾಧ್ಯವಿಲ್ಲ. ಕಣ್ಣಿದ್ದವರೂ ಅಲ್ಲಿ ಕುರುಡರೇ.

ಈ ಲೆಕ್ಕವನ್ನು ತರಗತಿಗೆ ಒಯ್ದಾಗ ನಡೆದದ್ದೊಂದನ್ನು ಇಲ್ಲೇ ಸೇರಿಸುತ್ತೇನೆ. ನನ್ನ ತರಗತಿಯಲ್ಲಿ ಹಲಗೆಯ ಮೇಲಿನ ಬರಹ ಕಾಣದ ಹುಡುಗನೊಬ್ಬನಿದ್ದ. ಪ್ರಯೋಗಾಲಯದ ಸೋನೋಮೀಟರ್ ತಂದು, ಸೇತುವೆಯನ್ನು ಎಲ್ಲಿಟ್ಟರೆ ಅದೇ ಸ್ವರ ಎತ್ತರದಲ್ಲಿ ಮತ್ತೆ ಕೇಳುತ್ತದೆ ಎಂದು ಹುಡುಕುವ ಕೆಲಸ ಕೊಟ್ಟೆ. ಉಳಿದವರು ಸ್ಕೇಲ್ ನೋಡಿ ಸೇತುವೆ ಸರಿಸುತ್ತಿದ್ದರು. ಅವನು ತಂತಿಗೆ ಕಿವಿ ಹತ್ತಿರ ತಂದು ಸ್ವಲ್ಪ ಸ್ವಲ್ಪವೇ ಸರಿಸಿದ. ಆಮೇಲೆ ನಾವು ಅಳೆದಾಗ ಸೇತುವೆ ತಂತಿಯ ಸರಿ ನಡುವಿನಲ್ಲಿತ್ತು. ವೀಕ್ಷಣೆಗೆ ಬಂದಿದ್ದ ನನ್ನ ಸಹಪಾಠಿ ತನ್ನ ವೀಕ್ಷಣಾ ಪಟ್ಟಿಯಲ್ಲಿ ಇದನ್ನು ಯಾವ ಕೌಶಲದ ಕೆಳಗೆ ಬರೆಯಬೇಕೆಂದು ತಿಳಿಯದೆ ‘ಇತರೆ’ಯಲ್ಲಿ ಬರೆದಳು.

ಇಸ್ತಾಂಬುಲ್‌ನಲ್ಲಿ ಹ್ರಾಂತ್ ಅವರಿಗೆ ವಿದ್ಯೆ ಸಿಕ್ಕಿತು, ಅನ್ನ ಸುಲಭಕ್ಕೆ ಸಿಗಲಿಲ್ಲ. ಬಹಳ ವರ್ಷ ಅವರು ಕಾಫಿ ಅಂಗಡಿಗಳಲ್ಲಿ ನುಡಿಸಿದರು, ಮನೆಪಾಠ ಹೇಳಿದರು, ವಾದ್ಯಗಳನ್ನು ಮಾರಿದರು. ಕಾಲವೂ ಅವರ ಸಂಗೀತಕ್ಕೆ ಅನುಕೂಲವಾಗಿರಲಿಲ್ಲ. 1923ರಲ್ಲಿ ಹುಟ್ಟಿದ ಟರ್ಕಿ ಗಣರಾಜ್ಯಕ್ಕೆ ಹಳೆಯ ಆಟೊಮನ್ ಸಂಗೀತ ಹಿಂದುಳಿದದ್ದಾಗಿ ಕಂಡಿತು. ಆಧುನಿಕವಾಗಬೇಕಾದರೆ ಪಶ್ಚಿಮದ ಸಂಗೀತ ಬೇಕು ಎಂಬುದು ಆಳುವವರ ನಂಬಿಕೆ. 1920ರ ದಶಕದ ನಡುವಿನಲ್ಲಿ ಇಸ್ತಾಂಬುಲ್‌ನ ಸಂಗೀತ ವಿದ್ಯಾಲಯದಿಂದ ಹಳೆಯ ಸಂಗೀತದ ಬೋಧನೆಯನ್ನೇ ತೆಗೆದುಹಾಕಲಾಯಿತು. 1934ರ ನವೆಂಬರ್‌ನಿಂದ ಸುಮಾರು 20 ತಿಂಗಳು ರೇಡಿಯೊದಲ್ಲಿ ಅದನ್ನು ಪ್ರಸಾರ ಮಾಡುವಂತಿರಲಿಲ್ಲ. ಜನ ಸುಮ್ಮನಿರಲಿಲ್ಲ, ರೇಡಿಯೊದ ಗುಂಡಿ ತಿರುಗಿಸಿ ಈಜಿಪ್ಟಿನ ಕೇಂದ್ರದಲ್ಲಿ ಊದ್ ಕೇಳಿದರು. ಪಠ್ಯಕ್ರಮದಿಂದ ಒಂದು ವಿಷಯ ಬಿಟ್ಟುಹೋದರೆ ಏನಾಗುತ್ತದೆ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ ಎಂದು ನನಗೆ ತೋರುತ್ತದೆ. ಶಾಲೆ ಮುಚ್ಚಿದರೂ ಹ್ರಾಂತ್ ಅವರಂಥ ಮನೆಪಾಠದ ಮೇಷ್ಟ್ರುಗಳ ಬಳಿ ಆ ವಿದ್ಯೆ ಉಳಿದುಕೊಂಡಿತು.

ಅದೇ 1934ರಲ್ಲಿ ಎಲ್ಲರೂ ಮನೆತನದ ಹೆಸರು ಇಟ್ಟುಕೊಳ್ಳಬೇಕೆಂಬ ಕಾಯ್ದೆ ಬಂತು. ಅರ್ಮೇನಿಯನ್ ಹೆಸರುಗಳ ಕೊನೆಯ ‘ಯಾನ್’ನಂಥ ಅನ್ಯಭಾಷೆಯ ಪ್ರತ್ಯಯಗಳನ್ನು ಹೊಸ ನಿಯಮ ಒಪ್ಪಲಿಲ್ಲ. ಟರ್ಕಿಯ ಸಂಗೀತದ ದಾಖಲೆಗಳಲ್ಲಿ ಕೆಂಕುಲಿಯಾನ್ ಸಿಗುವುದಿಲ್ಲ; ಅಲ್ಲಿ ಅವರು ಉದಿ ಹ್ರಾಂತ್ ಎಮ್ರೆ. ಎರಡೂ ಕಡೆಯವರು ಬಿಡದೆ ಉಳಿಸಿಕೊಂಡದ್ದು ವಾದ್ಯದ ಹೆಸರನ್ನು ಮತ್ತು ತಾಯ್ತಂದೆ ಕರೆದ ಹೆಸರನ್ನು.

ಅವರು ಊದ್ ನುಡಿಸುವ ಕ್ರಮಕ್ಕೆ ತಂದ ಹೊಸತುಗಳು ಹಲವು. ಹಿಂದಿನವರು ಮಿಜ್ರಾಪ್‌ನಿಂದ ಮುಖ್ಯವಾಗಿ ಮೇಲಿನಿಂದ ಕೆಳಕ್ಕೆ ಮೀಟುತ್ತಿದ್ದರು. ಹ್ರಾಂತ್ ಕೆಳಗಿನಿಂದ ಮೇಲಕ್ಕೂ ಅಷ್ಟೇ ಸಲೀಸಾಗಿ ಮೀಟಿದರು, ವೇಗ ಇಮ್ಮಡಿಯಾಯಿತು. ಸ್ವರ ಹಿಡಿದ ಎಡಗೈಯ ಬೆರಳುಗಳಿಂದಲೇ ತಂತಿಯನ್ನು ಚಿಮ್ಮಿ ನುಡಿಸುವುದನ್ನು ತಂದರು. ಬಲಗೈ ಸುಮ್ಮನಿದ್ದಾಗಲೂ ಸ್ವರ ಹುಟ್ಟುತ್ತದೆ, ಸಣ್ಣಗೆ, ದೂರದಿಂದ ಯಾರೋ ಮರುನುಡಿದಂತೆ. ಇದು ಪಿಟೀಲಿನವರಿಗೆ ಗೊತ್ತಿದ್ದ ತಂತ್ರ. ಕೆಮಾನಿ ಗುರುವಿನ ಒಡನಾಟದ ಗುರುತು ಇದರಲ್ಲಿ ಇರಬಹುದೆಂದು ನನ್ನ ಊಹೆ. ಎರಡು ತಂತಿಗಳನ್ನು ಒಟ್ಟಿಗೆ ನುಡಿಸುವುದು ಇನ್ನೊಂದು. ಮತ್ತೊಂದು ಶ್ರುತಿಗೆ ಸೇರಿದ್ದು: ಜೋಡಿ ತಂತಿಗಳನ್ನು ಒಂದೇ ಸ್ವರಕ್ಕೆ ಕೂಡಿಸುವುದು ವಾಡಿಕೆ, ಅವರು ಕೆಲವೊಮ್ಮೆ ಒಂದನ್ನು ಇನ್ನೊಂದಕ್ಕಿಂತ ಒಂದು ಸಪ್ತಕ ಅಂತರದಲ್ಲಿ ಇಡುತ್ತಿದ್ದರು. ಒಂದು ಮೀಟಿಗೆ ಎರಡು ದನಿ, ಹಿರಿಯರೂ ಮಕ್ಕಳೂ ಒಟ್ಟಿಗೆ ಹಾಡಿದ ಹಾಗೆ.

ಅವರು ಹಾಡುಗಾರರೂ, ಹಾಡು ಕಟ್ಟುವವರೂ ಹೌದು. ದನಿ ಇಂಪಾದದ್ದೆನ್ನಲಾರೆ; ಒರಟು, ಎದೆಯ ಒಳಗಿನಿಂದ ಎಳೆದು ತಂದಂಥದು. ಹೆಚ್ಚಿನ ಹಾಡುಗಳು ತುರ್ಕಿ ಭಾಷೆಯಲ್ಲಿ, ಕೆಲವು ಅರ್ಮೇನಿಯನ್‌ನಲ್ಲಿ. ‘ಹಸ್ತಾಯಿಂ ಯಾಶಿಯೋರುಂ’ ಎಂಬ ಅವರ ಪ್ರೇಮಗೀತೆಯನ್ನು ಟರ್ಕಿಯ ಗಾಯಕರು ಇಂದಿಗೂ ಹಾಡುತ್ತಾರೆ. ಗ್ರಾಮೊಫೋನ್‌ನ 78 ಸುತ್ತಿನ ತಟ್ಟೆಗಳಲ್ಲಿ ಅವರ ತಕ್ಸಿಮ್‌ಗಳು ಮುದ್ರಣವಾದವು. ಅಂಥ ತಟ್ಟೆಯ ಒಂದು ಬದಿಯಲ್ಲಿ ಹಿಡಿಸುವುದು ಮೂರು ನಿಮಿಷದ ಆಸುಪಾಸು. ಒಂದು ಮಕಾಮ್ ಅನ್ನು ಅಷ್ಟರಲ್ಲಿ ತೆರೆದು, ತಿರುಗಿಸಿ, ಮುಗಿಸಿ ತೋರಿಸಬೇಕು. ಆರು ನಿಮಿಷದ ಸೂಕ್ಷ್ಮಬೋಧನೆಯಲ್ಲಿ ಗಂಟೆ ಬಾರಿಸಿದ ಮೇಲೂ ಪೀಠಿಕೆಯಲ್ಲೇ ಇರುವ ನಮ್ಮಂಥವರು ಆ ತಕ್ಸಿಮ್‌ಗಳನ್ನು ಕೇಳಬೇಕು.

ಕಣ್ಣಿನ ಆಸೆಯನ್ನು ಅವರು ಬಿಟ್ಟಿರಲಿಲ್ಲ. ಚಿಕಿತ್ಸೆಗೆಂದು ವಿಯೆನ್ನಾದವರೆಗೆ ಹೋದದ್ದುಂಟು, ಫಲ ಸಿಗಲಿಲ್ಲ. 1950ರಲ್ಲಿ ಅಮೆರಿಕಕ್ಕೆ ಹೋದದ್ದರ ಹಿಂದೆಯೂ ಇದ್ದದ್ದು ಅದೇ ಆಸೆ. ಅಲ್ಲಿನ ವೈದ್ಯರೂ ಏನೂ ಮಾಡಲಾಗಲಿಲ್ಲ. ಅವರಿಗಾಗ ಐವತ್ತರ ಹತ್ತಿರ. ಕಿವಿಯಿಂದಲೇ ಇಷ್ಟೆಲ್ಲ ಸಾಧಿಸಿದವರಿಗೆ ಕಣ್ಣೇಕೆ ಎಂದು ಕೇಳುವುದು ಸುಲಭ. ಅಂಗವೈಕಲ್ಯವನ್ನು ಮೆಟ್ಟಿನಿಂತವರು ಎಂಬ ಹಾಡಿಹೊಗಳುವ ಬರಹಗಳು ಅದನ್ನೇ ಹೇಳುತ್ತವೆ. ಆದರೆ ಅವರು ಕೊನೆಯವರೆಗೂ ನೋಡಲು ಬಯಸಿದರು. ಅದನ್ನು ಬಿಟ್ಟು ಅವರ ಕತೆ ಹೇಳಿದರೆ ಅದು ಅವರ ಕತೆಯಲ್ಲ.

ಚಿಕಿತ್ಸೆಗೆ ಹೋದವರು ಕಛೇರಿ ಕೊಡುತ್ತ ಉಳಿದರು. ನ್ಯೂಯಾರ್ಕ್, ಬಾಸ್ಟನ್, ಡೆಟ್ರಾಯಿಟ್, ಕ್ಯಾಲಿಫೋರ್ನಿಯಾದ ಫ್ರೆಸ್ನೊ, ಲಾಸ್ ಏಂಜಲೀಸ್ ಹೀಗೆ ಅರ್ಮೇನಿಯನ್ನರು ನೆಲೆಸಿದ್ದ ಊರುಗಳಿಗೆಲ್ಲ ಹೋದರು. ಅಲ್ಲಿದ್ದವರಲ್ಲಿ ಬಹಳ ಮಂದಿ 1915ರಿಂದ ಬದುಕುಳಿದವರು, ಇಲ್ಲವೇ ಅವರ ಮಕ್ಕಳು. ಫ್ರೆಸ್ನೊದ ಸುತ್ತ ದ್ರಾಕ್ಷಿ ಬೆಳೆದು ಒಣದ್ರಾಕ್ಷಿ ಮಾಡಿ ಮಾರುತ್ತಿದ್ದವರು. ನ್ಯೂಯಾರ್ಕ್‌ನ ಎಂಟನೆಯ ಅವೆನ್ಯೂದ ಹೋಟೆಲು, ಕ್ಲಬ್ಬುಗಳಲ್ಲಿ ಗ್ರೀಕ್, ಅರ್ಮೇನಿಯನ್ ವಾದಕರು ಹಳೆಯ ದೇಶದ ಹಾಡುಗಳನ್ನು ರಾತ್ರಿಯೆಲ್ಲ ನುಡಿಸುತ್ತಿದ್ದರು. ಇಜ್ಮಿರ್‌ನಲ್ಲಿ ಹುಟ್ಟಿ ಅಮೆರಿಕ ಸೇರಿದ್ದ ಮಾರ್ಕೊ ಮೆಲ್ಕೋನ್ ಎಂಬ ಅರ್ಮೇನಿಯನ್ ಊದ್ ವಾದಕರು ಅಲ್ಲಿ ಮನೆಮಾತು. ಈ ಜನರ ಸ್ಥಿತಿ ವಿಚಿತ್ರವಾಗಿತ್ತು. ತಮ್ಮನ್ನು ಹೊರಗಟ್ಟಿದ ದೇಶದ ಭಾಷೆಯಲ್ಲೇ ಅವರ ಪ್ರೀತಿಯ ಹಾಡುಗಳಿದ್ದವು. ಕೆಲವು ಮನೆಗಳಲ್ಲಿ ಅದನ್ನು ಹಾಡಬಾರದೆಂದು ನಿಷೇಧ, ಇನ್ನು ಕೆಲವು ಮನೆಗಳಲ್ಲಿ ಅದಿಲ್ಲದೆ ಮದುವೆಯೇ ಇಲ್ಲ. ಅಂಥವರ ನಡುವೆ ಇಸ್ತಾಂಬುಲ್‌ನಿಂದ ಬಂದ ಅರ್ಮೇನಿಯನ್ ಒಬ್ಬರು ಕುಳಿತು ಎರಡೂ ಭಾಷೆಗಳಲ್ಲಿ ಹಾಡಿದಾಗ ಸಭೆಯ ಹಿರಿಯರು ಏನನ್ನು ನೆನೆದಿರಬಹುದು ಎಂದು ಯೋಚಿಸುತ್ತೇನೆ. ಬಿಟ್ಟುಬಂದ ಊರಿನ ದನಿ ಅದು. ಊರಿಗೆ ಮರಳುವ ದಾರಿ ಮಾತ್ರ ಇರಲಿಲ್ಲ.

ಮಕ್ಕಳ ತೊಂದರೆ ಬೇರೆ. ಅಮೆರಿಕದಲ್ಲಿ ಹುಟ್ಟಿದ ಅವರು ಊದ್ ಕಲಿತದ್ದು ಮನೆಯಲ್ಲಿದ್ದ ತಟ್ಟೆಗಳನ್ನು ಕೇಳಿ. ತಟ್ಟೆ ಹಾಡನ್ನು ಕಲಿಸುತ್ತದೆ, ತಪ್ಪನ್ನು ತಿದ್ದುವುದಿಲ್ಲ. ಸ್ವರ ಒಂದು ಕೋಮಾ ಮೇಲಿದೆ ಎಂದು ಅದು ಹೇಳುವುದಿಲ್ಲ. ಈ ಮಕಾಮ್‌ನಿಂದ ಆ ಮಕಾಮ್‌ಗೆ ದಾಟುವ ದಾರಿ ಯಾವುದು ಎಂದು ಕೇಳಿದರೆ ಉತ್ತರ ಕೊಡುವುದಿಲ್ಲ. ಮೆಶ್ಕ್‌ಗೆ ಎದುರಲ್ಲಿ ಒಬ್ಬ ಮನುಷ್ಯ ಬೇಕು. ಹ್ರಾಂತ್ ಆ ಮನುಷ್ಯರಾದರು. ಫ್ರೆಸ್ನೊ ಹತ್ತಿರದ ಫೌಲರ್ ಎಂಬ ಊರಿನ ರಿಚರ್ಡ್ ಹಗೋಪಿಯಾನ್ ಅವರು ಹುಟ್ಟಿದ್ದು 1937ರಲ್ಲಿ. ಹ್ರಾಂತ್ ಮೊದಲು ಅಮೆರಿಕಕ್ಕೆ ಬಂದಾಗ ಹದಿಮೂರರ ಹುಡುಗ, ಅಂದರೆ ಹೆಚ್ಚುಕಡಿಮೆ ಕೊನ್ಯಾ ಸೇರಿದ ಹ್ರಾಂತ್ ಅವರ ವಯಸ್ಸು. ಮುಂದೆ ಅವರು ಹ್ರಾಂತ್ ಅವರ ಬಳಿ ಕಲಿತರು. ಕೊನೆಗೊಮ್ಮೆ ಗುರು ಅವರಿಗೆ ಉದಿ ಎಂಬ ಬಿರುದು ಕೊಟ್ಟರು. ಪ್ರಮಾಣಪತ್ರವಿಲ್ಲ, ಘಟಿಕೋತ್ಸವವಿಲ್ಲ. ಇನ್ನು ನೀನು ಹೆಸರಿನ ಜೊತೆ ವಾದ್ಯವನ್ನು ಸೇರಿಸಿಕೊಳ್ಳಬಹುದು ಎಂಬ ಅನುಮತಿ, ಅಷ್ಟೇ.

ಅಮೆರಿಕದಲ್ಲೇ ನಿಂತುಬಿಡಬಹುದಿತ್ತು. ಹ್ರಾಂತ್ ಇಸ್ತಾಂಬುಲ್‌ಗೆ ಮರಳಿದರು. ಆ ನಗರ ಅಲ್ಪಸಂಖ್ಯಾತರ ಮೇಲೆ ದಯೆ ತೋರಿದ್ದೇನೂ ಅಲ್ಲ. 1942ರಲ್ಲಿ ಮುಸ್ಲಿಮೇತರರ ಮೇಲೆ ಹಲವು ಪಟ್ಟು ಹೊರೆ ಹೊರಿಸಿದ ಆಸ್ತಿ ತೆರಿಗೆ ಬಂದಿತ್ತು. ಕಟ್ಟಲಾರದವರನ್ನು ದುಡಿಮೆಯ ಶಿಬಿರಕ್ಕೆ ಕಳಿಸಲಾಗಿತ್ತು. 1955ರ ಸೆಪ್ಟೆಂಬರ್ 6 ಮತ್ತು 7ರಂದು ಗ್ರೀಕರ ಅಂಗಡಿ, ಮನೆ, ಚರ್ಚುಗಳ ಮೇಲೆ ದೊಂಬಿ ನಡೆಯಿತು. ಅರ್ಮೇನಿಯನ್ನರ, ಯಹೂದಿಗಳ ಅಂಗಡಿಗಳೂ ಉಳಿಯಲಿಲ್ಲ. ಬಹಳ ಮಂದಿ ಆಮೇಲೆ ಊರು ಬಿಟ್ಟರು. ಹ್ರಾಂತ್ ಬಿಡಲಿಲ್ಲ. ಕಛೇರಿಗೆಂದು ಹೊರದೇಶಗಳಿಗೆ ಹೋದರು, ಅಮೆರಿಕಕ್ಕೂ ಮತ್ತೆ ಹೋದರು, ಪ್ರತಿಸಲ ಮರಳಿ ಬಂದರು. ಒಂದು ಕಾಲಕ್ಕೆ ಅವರ ಸಂಗೀತಕ್ಕೆ ಬಾಗಿಲು ಹಾಕಿದ್ದ ರೇಡಿಯೊದಲ್ಲೇ ಮುಂದೆ ಅವರ ವಾರದ ಕಾರ್ಯಕ್ರಮ ಬರತೊಡಗಿತು. ಮನೆಮನೆಯಲ್ಲಿ ಅದನ್ನು ಕೇಳಿದ ತುರ್ಕರಿಗೆ ಅವರು ತಮ್ಮವರೇ.

1978ರ ಆಗಸ್ಟ್ 29ರಂದು ಹ್ರಾಂತ್ ಇಸ್ತಾಂಬುಲ್‌ನಲ್ಲಿ ತೀರಿಕೊಂಡರು. ಶಿಶ್ಲಿಯ ಅರ್ಮೇನಿಯನ್ ಸ್ಮಶಾನದಲ್ಲಿ ಅವರ ಸಮಾಧಿ ಇದೆ.

ಫೌಲರ್‌ನ ಹಗೋಪಿಯಾನ್ ಅವರಿಗೆ 1989ರಲ್ಲಿ ಅಮೆರಿಕ ಸರ್ಕಾರದ ಕಲಾನಿಧಿ ಸಾಂಪ್ರದಾಯಿಕ ಕಲಾವಿದರಿಗೆ ಕೊಡುವ ರಾಷ್ಟ್ರೀಯ ಪರಂಪರೆಯ ಗೌರವ ಸಂದಿತು. ಅವರ ಮಗ ಹೆರಾಲ್ಡ್ ಹಗೋಪಿಯಾನ್ ಪಿಟೀಲು ವಾದಕರು. ಅವರು ಧ್ವನಿಮುದ್ರಿಕೆಗಳ ಸಂಸ್ಥೆಯೊಂದನ್ನು ಕಟ್ಟಿ, ಹ್ರಾಂತ್ ಅವರ ಹಳೆಯ ತಟ್ಟೆಗಳನ್ನು 1990ರ ದಶಕದಲ್ಲಿ ಸಿ.ಡಿ.ಗೆ ತಂದರು. ನಾನು ತರಗತಿಯಲ್ಲಿ ಫೋನಿನಿಂದ ಕೇಳಿಸಿದ್ದು ಆ ಮುದ್ರಿಕೆಗಳಲ್ಲೊಂದನ್ನು. ತಟ್ಟೆಯ ಕರಕರ ಸದ್ದು ಮೊದಲು ಬರುತ್ತದೆ. ಆಮೇಲೆ ಮಂದ್ರದ ಒಂಟಿ ತಂತಿ ಒಮ್ಮೆ ನುಡಿದು, ಅದು ಪೂರ್ತಿ ಆರುವವರೆಗೆ ಅವರು ಕಾಯುತ್ತಾರೆ.